ನೇಮಕಾತಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ತಿಂಗಳುಗಳು ಸುಮ್ನೆ ಹಾಳಾದಂತೆಯೇ?

ಖಂಡಿತ ಇಲ್ಲ. ನಮ್ಮ ವಿಜಯಪುರದ ಕಡೆ ದ್ರಾಕ್ಷಿ ತೋಟ ನೋಡಿದ್ದೀರಲ್ವಾ?

ತಿಕೋಟಾ ಭಾಗದಲ್ಲಿ ಬಳ್ಳಿಗೆ ವರ್ಷಕ್ಕೆ 2 ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಕಡ್ಡಿಗಳನ್ನು ಕತ್ತರಿಸುತ್ತಾರೆ. ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಏಪ್ರಿಲ್ ಚಾಟ್ನಿಯ ಮೇಲೆ ಬರುವುದು ಬರೀ ಕಡ್ಡಿ, ಎಲೆ. ಮಾರಲು ಒಂದು ಗೊನೆಯೂ ಇಲ್ಲ. ಆದರೂ ರೈತರು ಆ ಬಿರುಬಿಸಿಲಲ್ಲಿ ನೀರು, ಗೊಬ್ಬರ ಕೊಡುತ್ತಾರೆ, ಜಾಸ್ತಿಯಾದ ಚಿಗುರು ಚಿವುಟುತ್ತಾರೆ. ಯಾಕೆಂದರೆ ಮುಂದಿನ ಗೊನೆ ಕಡ್ಡಿಯ ಕಣ್ಣಿನೊಳಗೆ, ಅಂದರೆ ಚಿಗುರೊಡೆಯುವ ಮೊಗ್ಗಿನೊಳಗೆ, ಆಗಲೇ ರೂಪ ತಳೆಯುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ಮೋಡ ಕವಿದು ಬಿಸಿಲು ಸಾಲದಿದ್ದರೆ, ಕಡ್ಡಿ ಸೊರಗಿದರೆ, ಅಕ್ಟೋಬರ್‌ನಲ್ಲಿ ಎಷ್ಟು ಒದ್ದಾಡಿದರೂ ಗೊನೆ ಕಡಿಮೆಯೇ. ನನಗೆ ಇದು ಪ್ರತಿ ಸಲ ಧೈರ್ಯ ಕೊಡುವ ಮಾತು.

ನೀವೂ ಈಗ ಏಪ್ರಿಲ್‌ನಲ್ಲಿದ್ದೀರಿ. ಮೊದಲು ಒಂದು ಸಂಪಾದಕೀಯ ಓದಿ ಅರ್ಥ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು? ಈಗ ಎಷ್ಟು? ಹೆದರಿಸುತ್ತಿದ್ದ ಲೆಕ್ಕವನ್ನು ಈಗ ತಮ್ಮನಿಗೋ ತಂಗಿಗೋ ಹೇಳಿಕೊಡಬಲ್ಲಿರಾ? ವಾರಕ್ಕೊಮ್ಮೆ ಇಂಥದ್ದನ್ನು ಒಂದು ವಹಿಯಲ್ಲಿ ಬರೆದಿಡಿ. ಬರೆಯದಿದ್ದರೆ ನಮ್ಮ ಬೆಳವಣಿಗೆ ನಮಗೇ ಕಾಣುವುದಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದರೆ, ಕಲಿತೆ ಎಂದರೆ ಹೊಟ್ಟೆ ತುಂಬುವುದಿಲ್ಲ. ಜೊತೆಗೆ ಒಂದು ಚಿಕ್ಕ ಕೆಲಸ ಹಿಡಿಯಿರಿ. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿದರೂ ಸರಿ, ಅದರಿಂದ ನಿಮ್ಮ ಓದೇ ಗಟ್ಟಿಯಾಗುತ್ತದೆ.