ಮಾತಿಗೂ ಮಾತಿಗೂ ನಡುವೆ ಎಷ್ಟು ಬಿಡಬೇಕು?

ಪ್ರಶ್ನೆ: ಅತ್ತಿ ಹಗಲೆಲ್ಲ ಮನ್ಯಾಗ ಒಬ್ಬರೇ ಇರ್ತಾರ. ಸಂಜಿಗೆ ನಾನು ಕೆಲಸದಿಂದ ಬಂದ ಕೂಡ್ಲೆ ಮಾತು ಶುರು, ಹೇಳಿದ್ದೇ ಮೂರು ಸಲ. ಗಂಜ್‌ದಾಗ, ಅಂದ್ರ ಕಾಳಿನ ಪ್ಯಾಟ್ಯಾಗ, ಕೆಲಸ ಮಾಡೋ ನಮ್ಮ ಮನಿಯವರು ಏನು ಕೇಳಿದ್ರೂ ‘ಹ್ಞೂಂ’ ಅಷ್ಟೇ. ಇಬ್ಬರ ಜೋಡಿ ಹ್ಯಾಂಗ್ ಮಾತಾಡಬೇಕು?
— ಓದುಗರೊಬ್ಬರು, ಕಲಬುರಗಿ

ಉತ್ತರ: ಅತ್ತೆಯವರಿಂದ ಶುರು ಮಾಡೋಣ. ತನ್ನ ವಿಚಾರ ಹೇಳಿಕೊಳ್ಳುವಾಗ ಮಿದುಳಿನಲ್ಲಿ ಚುರುಕಾಗುವುದು ಊಟ, ಹಣ ಸಿಕ್ಕಾಗ ಚುರುಕಾಗುವ ಭಾಗಗಳೇ. ಹಾರ್ವರ್ಡ್ ಸಂಶೋಧಕರ 2012ರ ಪ್ರಯೋಗದಲ್ಲಿ ಜನ ತಮ್ಮ ಬಗ್ಗೆ ಹೇಳಿಕೊಳ್ಳುವುದಕ್ಕಾಗಿ ಸಿಗಬೇಕಾದ ಹಣದಲ್ಲಿ ಒಂದಿಷ್ಟು ಬಿಟ್ಟುಕೊಡಲೂ ತಯಾರಿದ್ದರು. ಹಗಲೆಲ್ಲ ಒಬ್ಬರೇ ಇದ್ದವರಿಗೆ ಆ ಹಸಿವು ಇದ್ದೇ ಇರುತ್ತದೆ.

ಹೇಳಿದ್ದೇ ಹೇಳುವುದಕ್ಕೆ ಎಷ್ಟೋ ಸಲ ಕೇಳುವವರ ಬರೀ ‘ಹೌದೇನು’ ಕಾರಣ. ಮಾತು ಮುಟ್ಟಿತೋ ಇಲ್ಲವೋ ತಿಳಿಯದೆ ಮತ್ತೆ ಹೇಳುತ್ತಾರೆ. ಚಹಾ ಹಿಡಿದು ಹತ್ತು ನಿಮಿಷ ಹತ್ತಿರ ಕೂತು ಅವರ ಮಾತಿನದೇ ಒಂದು ಎಳೆ ಹಿಡಿಯಿರಿ: ‘ಅಂದ್ರ ಕಾಕಾ ಮದಿವಿಗಿ ಬರಂಗಿಲ್ಲ ಅಂದ್ರೇನು ಅತ್ತಿ?’ ಆಮೇಲೆ ‘ಈಗ ರೊಟ್ಟಿ ಬಡೀತೀನಿ, ಉಳಿದಿದ್ದು ಊಟಕ್ಕ ಕುಂತಾಗ ಹೇಳ್ರಿ’ ಎಂದು ಏಳಿ. ಏನೂ ಹೇಳದೆ ನಡುವೆಯೇ ಎದ್ದು ಹೋದರೆ ಮಾತೂ ಅಡುಗೆಮನೆಗೆ ಬರುತ್ತದೆ. ಹೇಳಿದ್ದನ್ನು ಮರೆತೇ ಮತ್ತೆ ಹೇಳುತ್ತಿದ್ದರೆ, ಟಿವಿ ಸದ್ದು ದಿನೇ ದಿನೇ ಏರುತ್ತಿದ್ದರೆ ನೆನಪು, ಕಿವಿ ಎರಡನ್ನೂ ವೈದ್ಯರಿಗೆ ತೋರಿಸಿ.

ನಿಮ್ಮ ಮನೆಯವರದು ಬೇರೆ ವಿಷಯ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನದ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ 0.2 ಸೆಕೆಂಡ್ ಸಾಕು. ಆದರೆ ಚಿತ್ರ ನೋಡಿ ಅದರ ಹೆಸರು ಹೇಳಲಿಕ್ಕೇ ಸುಮಾರು 0.6 ಸೆಕೆಂಡ್ ಬೇಕು. ಅಂದರೆ ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರ ಹೊಂದಿಸಿರುತ್ತೇವೆ. ಪೂರ್ತಿ ಕೇಳಿ ಆಮೇಲೆ ಯೋಚಿಸುವವರು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಪ್ರಶ್ನೆ ಬಿದ್ದಿರುತ್ತದೆ! ಕೇಳಿದ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸಿ. ಅಷ್ಟು ಹೊತ್ತು ಸುಮ್ಮನಿರುವುದು ಮಾತುಗಾರರಿಗೆ ನಿಜಕ್ಕೂ ಕಷ್ಟ, ಆದರೂ ತಡೆದುಕೊಳ್ಳಿ. ‘ಏನ್ ಸಮಾಚಾರ’ ಎಂಬುದಕ್ಕಿಂತ ‘ಇವತ್ತ ತೊಗರಿ ಎಷ್ಟಕ್ಕ ಹೋತು’ ಎಂಬುದಕ್ಕೆ ಉತ್ತರ ಬೇಗ ಬರುತ್ತದೆ. ಎದುರುಬದುರು ಕೂಡಿಸಿ ಕೇಳುವ ಬದಲು ಜೊತೆಯಲ್ಲಿ ನಡೆಯುವಾಗ ಕೇಳಿ. ‘ಯಾಕ್ ಸುಮ್ನ ಕುಂತೀರಿ’ ಎಂದು ಮಾತ್ರ ಬೇಡ. ಅದು ತಪ್ಪು ಹಿಡಿದಂತೆ ಕೇಳಿಸುತ್ತದೆ.

ಪ್ರಶ್ನೆ: ಹೆಂಗಸರೇ ಹೆಚ್ಚು ಮಾತಾಡುತ್ತಾರೆ ಎನ್ನುವುದು ನಿಜವೇ?
— ಓದುಗರೊಬ್ಬರು, ಬೀದರ

ಉತ್ತರ: ಅಮೆರಿಕ, ಮೆಕ್ಸಿಕೊದ 396 ವಿದ್ಯಾರ್ಥಿಗಳ ಮಾತು ಧ್ವನಿಮುದ್ರಿಸಿ ಲೆಕ್ಕ ಹಾಕಿದ 2007ರ ಅಧ್ಯಯನದಲ್ಲಿ ಗಂಡು, ಹೆಣ್ಣು ಇಬ್ಬರದೂ ದಿನಕ್ಕೆ ಸುಮಾರು 16 ಸಾವಿರ ಪದ. 2025ರ ದೊಡ್ಡ ಅಧ್ಯಯನದಲ್ಲಿ 25ರಿಂದ 64 ವಯಸ್ಸಿನ ಹೆಂಗಸರ ಮಾತು ತುಸು ಹೆಚ್ಚು ಕಂಡಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಅಂತರದ ಮುಂದೆ ಅದು ಏನೂ ಅಲ್ಲ: 2007ರ ಗುಂಪಿನಲ್ಲೇ ಸಾವಿರ ಪದ ಮುಟ್ಟದವರೂ 45 ಸಾವಿರ ದಾಟಿದವರೂ ಇದ್ದರು.

ಪ್ರಶ್ನೆ: ನನ್ನ ಒಂದನೇ ತರಗತಿಯ ಹುಡುಗನೊಬ್ಬ ಮನೆಯಲ್ಲಿ ತೆಲುಗಿನಲ್ಲಿ ಪಟಪಟ ಮಾತಾಡುತ್ತಾನಂತೆ. ಶಾಲೆ ಶುರುವಾಗಿ ಎರಡು ತಿಂಗಳಾದರೂ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ.
— ಶಿಕ್ಷಕಿ, ಗುರುಮಠಕಲ್

ಉತ್ತರ: ಮೊದಲು ಆಟದ ಬಯಲಲ್ಲಿ ಗಮನಿಸಿ. ಅಲ್ಲಿ ತೆಲುಗಿನ ಗೆಳೆಯರ ಜೊತೆ ಮಾತಾಡುತ್ತಿದ್ದರೆ ಹೆದರಬೇಡಿ. ಹೊಸ ಭಾಷೆ ಕಲಿಯುವ ಮಕ್ಕಳು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುವುದುಂಟು. ಒಬ್ಬನನ್ನೇ ಎದ್ದು ನಿಲ್ಲಿಸಬೇಡಿ. ಎಲ್ಲರೂ ಕೂಡಿ ಪದ್ಯ ಹೇಳುವಾಗ ದನಿ ಸೇರಿಸಲಿ, ಆಮೇಲೆ ಜೋಡಿಯಾಗಿ, ಕೊನೆಗೆ ಒಬ್ಬನೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಂತೆ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಹೆಚ್ಚು ಮಕ್ಕಳು ಉತ್ತರಿಸುತ್ತಾರೆ, ಉತ್ತರವೂ ಉದ್ದವಾಗುತ್ತದೆ.

ಶಾಲೆಯಲ್ಲಿ ತೆಲುಗಿನವರ ಜೊತೆಗೂ ತುಟಿ ಬಿಚ್ಚದಿದ್ದರೆ, ಶಾಲೆಗೆ ಹೊಂದಿಕೊಳ್ಳುವ ಮೊದಲ ತಿಂಗಳು ದಾಟಿರುವುದರಿಂದ ತಡಮಾಡಬೇಡಿ. ಅದು ಹಟವಲ್ಲ, ಆತಂಕದಿಂದ ಬರುವ ತೊಂದರೆ ಇರಬಹುದು. ಗದರಿಸಿದರೂ, ಚಾಕಲೇಟ್ ಆಸೆ ತೋರಿಸಿ ಒತ್ತಾಯಿಸಿದರೂ ಗಂಟಲು ಇನ್ನಷ್ಟು ಕಟ್ಟುತ್ತದೆ. ಕಿವಿ ಪರೀಕ್ಷೆ ಮಾಡಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿಯೂ ಕೇಳಬಹುದು.