2 ಲಕ್ಷಕ್ಕೆ 6 ಕ್ಯಾರೆಟ್ ಮಾಣಿಕ್ಯ ಸಿಗುತ್ತಿದೆ, ಸರ್ಟಿಫಿಕೇಟ್ ಕೂಡ ಇದೆ. ತಗೊಳ್ಳಬಹುದಾ?

ಮಗಳ ಮದುವೆ ಹೊತ್ತಿಗೆ ಬೆಲೆ ಏರಿರುತ್ತದೆ, ಮಾಣಿಕ್ಯ ತಗೊಳ್ಳಲಾ ಪಚ್ಚೆ ತಗೊಳ್ಳಲಾ ಅಂತ ಕೇಳಿದ್ದೀರಿ. ಓದಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. 2015ರಲ್ಲಿ ನಾನು ಹಾಕಿದ್ದ ಲೆಕ್ಕವೂ ಇದೇ.

ಆ ವರ್ಷ ಮೇ ತಿಂಗಳಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಬರ್ಮಾ ಮಾಣಿಕ್ಯ 3 ಕೋಟಿ ಡಾಲರ್‌ಗೂ ಜಾಸ್ತಿಗೆ ಹೋಯಿತು. ಸನ್‌ರೈಸ್ ರೂಬಿ ಅಂತ ಅದರ ಹೆಸರು, ತೂಕ 25.59 ಕ್ಯಾರೆಟ್. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಅಂದರೆ ಇಡೀ ಹರಳು ಐದು ಗ್ರಾಂ ಚಿಲ್ಲರೆ. ಪೇಪರಿನಲ್ಲಿ ಆ ಸುದ್ದಿ ಓದಿದ ದಿನದಿಂದ ನನ್ನ ತಲೆಯಲ್ಲಿ ಬೇರೆ ಏನೂ ಓಡಲಿಲ್ಲ. ಆಗ ತಾನೇ ಚೀಟಿ ಮುಗಿದು 1,80,000 ರೂಪಾಯಿ ಕೈಗೆ ಬಂದಿತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ 7.2 ಕ್ಯಾರೆಟ್ಟಿನ ಮಾಣಿಕ್ಯ ತೋರಿಸಿದರು. ಕ್ಯಾರೆಟ್‌ಗೆ 25,000. ಹೊಳಪು ಚೆನ್ನಾಗಿತ್ತು, ದಾಳಿಂಬೆ ಕಾಳಿನ ಬಣ್ಣ. ಜೊತೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿದ ಕಾರ್ಡ್ ಕೊಟ್ಟರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ನ್ಯಾಚುರಲ್ ರೂಬಿ’ ಅಂತ ಇತ್ತು.

ನಾನು ಎಡವಿದ್ದು ಇಲ್ಲೇ. ಇದನ್ನು ನಿಧಾನವಾಗಿ ಹೇಳುತ್ತೇನೆ, ಬೇಜಾರಾದರೂ ಓದಿ.

ಆ ಕಾರ್ಡಿನಲ್ಲಿ ಒಟ್ಟು ಒಂಬತ್ತು ಸಾಲು. ತೂಕ, ಅಳತೆ, ಆಕಾರ, ಬಣ್ಣ, ವಕ್ರೀಭವನದ ಅಂಕಿ (ಹರಳು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಲೆಕ್ಕ) ಎಲ್ಲ ಇತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಕ್ರೀಭವನದ ಅಂಕಿ 1.76 ಅಂತ ನೋಡಿದೆ, ಮನೆಗೆ ಬಂದು ಪುಸ್ತಕ ತೆಗೆದು ತಾಳೆ ಹಾಕಿದೆ, ಸರಿ ಇತ್ತು. ಎಂಟು ಸಾಲನ್ನು ಪರೀಕ್ಷೆ ಪೇಪರ್ ತಿದ್ದುವ ಹಾಗೆ ನೋಡಿದೆ. ಒಂಬತ್ತನೆಯದು ‘ಕಾಮೆಂಟ್ಸ್’ ಅನ್ನುವ ಸಾಲು. ಅಕ್ಷರ ಸಾಸಿವೆ ಕಾಳಿನಷ್ಟು. ಅದನ್ನು ಓದಲಿಲ್ಲ. ಕಾಣಲಿಲ್ಲ ಅಂತಲ್ಲ, ಕಂಡಿತ್ತು. ಕಾಮೆಂಟ್ಸ್ ಅಂದರೆ ಏನೋ ಷರಾ ಇರಬೇಕು, ಮುಖ್ಯವಾದದ್ದು ಮೇಲೆ ದಪ್ಪಕ್ಕೆ ಬರೆದಿದ್ದಾರಲ್ಲ ಅಂದುಕೊಂಡೆ. ಅಂಗಡಿಯವರೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ‘ಮೇಡಂ, ಇದು ನ್ಯಾಚುರಲ್ಲಾ ಅಲ್ವಾ ಅಷ್ಟೇ ನೋಡಿ’ ಅಂದರು. ನಾನು ಅಷ್ಟೇ ನೋಡಿದೆ. ಬಿಲ್ಲಿನಲ್ಲಿ ‘ಕೆಂಪು ಹರಳು – 1’ ಅಂತ ಬರೆದಿದ್ದರು, ಅದಕ್ಕೂ ಸುಮ್ಮನಿದ್ದೆ. ಆ ಒಂಬತ್ತನೆಯ ಸಾಲಿನಲ್ಲಿ ಇದ್ದದ್ದು ಎರಡೇ ಪದ: ‘ಗ್ಲಾಸ್ ಫಿಲ್ಡ್’. ಗಾಜು ತುಂಬಿದೆ ಅಂತ.

ಅದನ್ನು ಓದಿದ್ದು ಎರಡು ವರ್ಷ ಆದ ಮೇಲೆ. ಬೆರಳು ದಪ್ಪ ಆಗಿ, ಆ ಹರಳು ಕೂರಿಸಿದ್ದ ಚಿನ್ನದ ಉಂಗುರ ಬಿಗಿಯಾಗುತ್ತಿತ್ತು. ನಮ್ಮೂರಿನ ಅಕ್ಕಸಾಲಿ ಹತ್ತಿರ ದೊಡ್ಡದು ಮಾಡಿಸಲು ಹೋದೆ. ಅವರು ‘ಅಕ್ಕಾ, ಹರಳು ಬಿಚ್ಚಿಟ್ಟು ಬೆಸುಗೆ ಹಾಕ್ಲಾ?’ ಅಂತ ಕೇಳಿದರು. ಬೇಡ ಅಂದೆ. ಚಿನ್ನ ಕರಗುವುದು 1,064 ಡಿಗ್ರಿಗೆ, ಮಾಣಿಕ್ಯ ಕರಗುವುದು 2,000 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಹರಳಿಗೆ ಏನೂ ಆಗುವುದಿಲ್ಲ ಅಂತ ಅವರಿಗೇ ಪಾಠ ಹೇಳಿದೆ. ಅವರು ಟಾರ್ಚಿನಲ್ಲಿ ಕಾಯಿಸಿ ಬೆಸೆದರು, ಆಮೇಲೆ ಕಪ್ಪು ಹೋಗಲಿ ಅಂತ ಆಸಿಡ್ ನೀರಿಗೆ ಹಾಕಿದರು. ತೆಗೆದು ಬಟ್ಟೆಯಲ್ಲಿ ಒರೆಸಿದಾಗ ಹರಳಿನ ಮುಖದ ತುಂಬ ಬಿಳಿ ಗೆರೆ. ಒಡೆದ ಕಾರಿನ ಗಾಜಿನಲ್ಲಿ ಬಲೆಯ ಹಾಗೆ ಗೆರೆ ಹರಡಿರುತ್ತದಲ್ಲ, ಹಾಗೆ. ಪಾಪ, ಅಕ್ಕಸಾಲಿಯ ಮುಖ ನೋಡಲಾಗಲಿಲ್ಲ. ಅವರದ್ದು ಎಳ್ಳಷ್ಟೂ ತಪ್ಪಿಲ್ಲ. ಅವರು ಕೇಳಿದ್ದರು.

ಬೆಂಗಳೂರಿನ ಒಂದು ಪರೀಕ್ಷಾ ಲ್ಯಾಬಿಗೆ ತಗೊಂಡು ಹೋದೆ. ಅಲ್ಲಿದ್ದ ಹುಡುಗಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನನ್ನನ್ನೇ ನೋಡಲು ಹೇಳಿದಳು. ಬಿರುಕುಗಳ ಒಳಗೆ ಗುಳ್ಳೆ, ಸೋಡಾ ಬಾಟಲಿಯಲ್ಲಿ ಇರುವ ಹಾಗೆ ಗುಂಡಗೆ. ಹರಳನ್ನು ಸ್ವಲ್ಪ ಓರೆ ಮಾಡಿದರೆ ಬಿರುಕಿನ ಉದ್ದಕ್ಕೂ ನೀಲಿ ಮಿಂಚು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಡೀಸೆಲ್ ಹರಡಿ ನೀಲಿ ಕಾಣುತ್ತದಲ್ಲ, ಅದೇ ಬಣ್ಣ. ಅವಳು ವಿವರಿಸಿದ ಮೇಲೆ ಅರ್ಥವಾಯಿತು. ಬಿರುಕು ಬಿಟ್ಟ, ಮಸುಕಾದ, ಹರಳು ಅಂತ ಮಾರಲಾಗದ ಕಲ್ಲನ್ನು ಆಸಿಡ್‌ನಲ್ಲಿ ತೊಳೆಯುತ್ತಾರೆ. ಆಮೇಲೆ ಸೀಸ ಬೆರೆಸಿದ ಗಾಜನ್ನು ಕರಗಿಸಿ ಬಿರುಕಿಗೆಲ್ಲ ತುಂಬುತ್ತಾರೆ. ಸೀಸದ ಗಾಜು ಬೆಳಕನ್ನು ಬಗ್ಗಿಸುವ ರೀತಿ ಮಾಣಿಕ್ಯಕ್ಕೆ ಹತ್ತಿರ ಇರುವುದರಿಂದ ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ. 2004ರ ಸುಮಾರಿಗೆ ಇಂಥ ಹರಳುಗಳು ಮಾರುಕಟ್ಟೆಗೆ ಬಂದವು. ಟಾರ್ಚು, ಆಸಿಡ್ಡು ಹೋಗಲಿ, ನಿಂಬೆರಸಕ್ಕೂ ಆ ಗಾಜು ಹಾಳಾಗುತ್ತದೆ. ಅಡುಗೆ ಮಾಡುವ ಕೈಗೆ ಹಾಕುವ ಹರಳೇ ಅಲ್ಲ ಅದು. ಅದರ ಬೆಲೆ ಕ್ಯಾರೆಟ್‌ಗೆ ನೂರುಗಳ ಲೆಕ್ಕದಲ್ಲಿ, ಸಾವಿರಗಳಲ್ಲಿ ಅಲ್ಲ. ನಾನು ಕೊಟ್ಟಿದ್ದು 25,000.

ಕಾರ್ಡು ಸುಳ್ಳು ಹೇಳಿರಲಿಲ್ಲ ನೋಡಿ. ಕಲ್ಲು ಭೂಮಿಯಿಂದ ಬಂದದ್ದೇ. ಅದಕ್ಕೇ ‘ನ್ಯಾಚುರಲ್’.

ಅವತ್ತು ಬ್ಯಾಗಿನಲ್ಲಿ ಇನ್ನೊಂದು ಹರಳು ಇತ್ತು. ಅಜ್ಜಿಯ ಏಳು ಹರಳಿನ ಕೆಂಪಿನ ಓಲೆಯಿಂದ ಕಳಚಿ ಬಿದ್ದದ್ದು, ಅಮ್ಮ ಕುಂಕುಮದ ಭರಣಿಯಲ್ಲಿ ಇಟ್ಟಿದ್ದಳು. ಇದಾದರೂ ನಿಜವಾದದ್ದಾ ಅಂತ ಕೇಳಿದೆ. ಆ ಹುಡುಗಿ ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನಗೂ ತೋರಿಸಿದಳು. ಒಳಗೆ ಗ್ರಾಮಫೋನ್ ತಟ್ಟೆಯ ಗೀರುಗಳ ಹಾಗೆ ಬಾಗಿದ ಸಣ್ಣ ಗೆರೆಗಳು. ಭೂಮಿಯಲ್ಲಿ ಬೆಳೆದ ಹರಳಿನ ಗೆರೆ ನೇರ ಇರುತ್ತದೆ, ಮೂಲೆಯಲ್ಲಿ ತಿರುಗುತ್ತದೆ. ಬಾಗಿದ್ದರೆ ಅದು ಕುಲುಮೆಯಲ್ಲಿ ಮಾಡಿದ್ದು. ಫ್ರಾನ್ಸಿನ ವೆರ್ನೂಯ್ ಎಂಬ ರಸಾಯನ ಶಾಸ್ತ್ರಜ್ಞ 1902ರಲ್ಲಿ ಈ ವಿಧಾನ ಪ್ರಕಟಿಸಿದ. ಪುಡಿಯನ್ನು ಉರಿಯ ಮೂಲಕ ಸುರಿದು ಹನಿ ಹನಿಯಾಗಿ ಹರಳು ಬೆಳೆಸುವುದು. ಕೈಗಡಿಯಾರದ ಒಳಗೆ ‘17 ಜ್ಯೂವೆಲ್ಸ್’ ಅಂತ ಬರೆದಿರುತ್ತಿದ್ದರಲ್ಲ, ಅವೂ ಇದೇ ಜಾತಿಯ ಕಾರ್ಖಾನೆಯ ಮಾಣಿಕ್ಯ. ನಮ್ಮಜ್ಜಿ ಬರ್ಮಾ ಕೆಂಪು ಅಂತಲೇ ಹೇಳಿಕೊಂಡು ಹಾಕುತ್ತಿದ್ದ ಓಲೆ ಅದು. ಅಮ್ಮನಿಗೆ ಈ ವಿಷಯ ಹೇಳಿಲ್ಲ. ಹೇಳುವುದೂ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾಣಿಕ್ಯವಾ ಪಚ್ಚೆಯಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಹೆಸರಿಗೆ ಬೆಲೆ ಇಲ್ಲ. ಬ್ರಿಟಿಷ್ ಕಿರೀಟದ ಎದುರಿಗೆ ಇರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಅನ್ನುವ ಬೇರೆ ಖನಿಜ. ನಮ್ಮ ಮೈಸೂರು ಕಡೆ ಸಿಗುವ ನಕ್ಷತ್ರದ ಕೆಂಪು ನಿಜವಾದ ಮಾಣಿಕ್ಯದ ಜಾತಿಯದ್ದೇ, ದೀಪ ಹಿಡಿದರೆ ಆರು ಕಿರಣ ಚೆಂದ ಕಾಣುತ್ತದೆ. ಆದರೆ ಹೆಚ್ಚಿನವು ಮಬ್ಬು, ಬೆಳಕು ಒಳಗೆ ಹೋಗುವುದಿಲ್ಲ. ಅದಕ್ಕೇ ಕಡಿಮೆ ದುಡ್ಡಿಗೆ ಸಿಗುತ್ತವೆ.

ಬೆಲೆ ಬರುವುದು ಹರಳು ಹುಟ್ಟಿದ ಕಷ್ಟದಿಂದ. ಮಾಣಿಕ್ಯ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಬಣ್ಣ ಇಲ್ಲದ ಕಲ್ಲು. ಅದರೊಳಗೆ ಚೂರೇ ಚೂರು ಕ್ರೋಮಿಯಂ ಸೇರಿದರೆ ಕೆಂಪು. ಸುತ್ತ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಇರಬಾರದು. ಇದ್ದರೆ ಬೇರೆ ಖನಿಜ ಆಗಿಬಿಡುತ್ತದೆ. ಭೂಮಿಯ ಮೇಲ್ಪದರದಲ್ಲಿ ಸಿಲಿಕಾ ಇಲ್ಲದ ಜಾಗ ಸಿಗುವುದೇ ಕಷ್ಟ. ಕಬ್ಬಿಣವೂ ಕಡಿಮೆ ಇರಬೇಕು, ಜಾಸ್ತಿ ಆದರೆ ಕೆಂಪು ಮಂಕಾಗುತ್ತದೆ. ಬರ್ಮಾದ ಮೊಗೋಕ್‌ನಲ್ಲಿ ಹರಳು ಬೆಳೆದದ್ದು ಅಮೃತಶಿಲೆಯ ಒಳಗೆ. ಅಲ್ಲಿ ಕಬ್ಬಿಣ ತೀರಾ ಕಡಿಮೆ. ಅದಕ್ಕೇ ಅಲ್ಲಿನ ಹರಳನ್ನು ಬಿಸಿಲಿಗೆ ಹಿಡಿದರೆ ಒಳಗಿನಿಂದಲೇ ಕೆಂಡದ ಹಾಗೆ ಉರಿಯುತ್ತದೆ. ಇಷ್ಟೆಲ್ಲ ಕೂಡಿ ಬಂದು, ಬಿರುಕಿಲ್ಲದೆ ಐದು ಕ್ಯಾರೆಟ್‌ಗಿಂತ ದೊಡ್ಡದಾಗಿ ಬೆಳೆದು, ಮನುಷ್ಯ ಬಿಸಿ ಮಾಡದೆ, ಏನೂ ತುಂಬದೆ ಉಳಿದ ಹರಳು ಎಷ್ಟು ಅಪರೂಪ ಯೋಚಿಸಿ. ಸನ್‌ರೈಸ್ ಅಂಥದ್ದು. 2009ರಲ್ಲಿ ಮೊಜಾಂಬಿಕ್‌ನಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು, ಅಲ್ಲಿಂದ ಬಂದ 55.22 ಕ್ಯಾರೆಟ್ಟಿನ ಹರಳು 2023ರಲ್ಲಿ 3.48 ಕೋಟಿ ಡಾಲರ್‌ಗೆ ಹೋಯಿತು. ಇವು ಹರಾಜಿಗೆ ಹೋಗುವ ವಸ್ತು, ಎರಡು ಲಕ್ಷಕ್ಕೆ ಬೀದಿ ಅಂಗಡಿಗೆ ಬರುವುದಿಲ್ಲ.

ಪಚ್ಚೆಯ ಕಥೆ ಚಿಕ್ಕದು. ಹೆಚ್ಚುಕಮ್ಮಿ ಎಲ್ಲ ಪಚ್ಚೆಗೂ ಬಿರುಕಿಗೆ ಎಣ್ಣೆ ತುಂಬುತ್ತಾರೆ, ಎಷ್ಟು ತುಂಬಿದ್ದಾರೆ ಅನ್ನುವುದರ ಮೇಲೂ ಬೆಲೆ ನಿಲ್ಲುತ್ತದೆ. ಅಲ್ಲೂ ಅದೇ ಕೊನೆ ಸಾಲು ಓದಬೇಕು.

ಬೆಲೆ ಏರುವ ಲೆಕ್ಕ ಬಿಡಿ. ಚಿನ್ನಕ್ಕೆ ದಿನಾ ಬೆಳಿಗ್ಗೆ ರೇಟು ಬರುತ್ತದೆ. ಹರಳಿಗೆ ರೇಟಿಲ್ಲ. ನಾಳೆ ದುಡ್ಡಿನ ಅಡಚಣೆ ಬಂದು ಉಂಗುರ ಮಾರಲು ಹೋದರೆ ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾರೆ. ನನಗೆ ಹಾಗೇ ಆಯಿತು. ಮಗಳ ಮದುವೆಗೆ ಅಂತಾದರೆ ಕಣ್ಣು ಮುಚ್ಚಿ ಚಿನ್ನ ತಗೊಳ್ಳಿ. ಮಾಣಿಕ್ಯದ ಮೇಲೆ ಪ್ರೀತಿ ಇದ್ದರೆ ಒಂದು ಕ್ಯಾರೆಟ್ಟಿನ, ಬಿಸಿ ಮಾಡಿದ, ಆದರೆ ಗಾಜು ತುಂಬದ ಹರಳು ಸಾಕು. ಬಿಸಿ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು, ಅದರಿಂದ ಹರಳಿನ ಗಟ್ಟಿತನಕ್ಕೆ ತೊಂದರೆ ಇಲ್ಲ. ‘ಗಾಜು ತುಂಬಿಲ್ಲ’ ಅಂತ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಅಂತ ಕೇಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಬರೆದುಕೊಟ್ಟರೂ ಅಂಗಡಿಯವರು ಹೇಳಿದ ಕಡೆ ಅಲ್ಲ, ನೀವೇ ಆರಿಸಿದ ಲ್ಯಾಬಿಗೆ ಕಳಿಸಿ. ಜೈಪುರದಲ್ಲಿ 1972ರಲ್ಲಿ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಅಂತ ಶುರುವಾದ ಲ್ಯಾಬ್ ಇದೆ, ಈಗ ಅದರ ಹೆಸರು ಐಐಜಿಜೆ-ಆರ್‌ಎಲ್‌ಸಿ.

ನಿಮ್ಮ 6 ಕ್ಯಾರೆಟ್ಟಿನ ಹರಳಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಕಾರ್ಡಿನ ಕೆಳಗಿನ ‘ಕಾಮೆಂಟ್ಸ್’ ಸಾಲಿನಲ್ಲಿ ಏನಿದೆ ಅಂತ ಅಕ್ಷರ ಬಿಡದೆ ಇಲ್ಲಿ ಕೆಳಗೆ ಬರೆಯಿರಿ. ಸಂಜೆ ಶಾಲೆಯಿಂದ ಬಂದ ತಕ್ಷಣ ನೋಡುತ್ತೇನೆ.