ಮಾಲು ಕಡಿಮೆ ಬಂದರೆ ಸಂಬಳಕ್ಕೇಕೆ ಕತ್ತರಿ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಹಲವು ಊರುಗಳಲ್ಲಿ ಶಾಖೆಗಳಿರುವ ದಿನಬಳಕೆ ವಸ್ತುಗಳ ಮಳಿಗೆಯೊಂದರಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಸಂಬಳ ₹15,600. ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಕೆಲಸ, ನಡುವೆ ಊಟಕ್ಕೆ ಅರ್ಧ ಗಂಟೆ, ಓ.ಟಿ. ಕೊಡುವುದಿಲ್ಲ. ತಿಂಗಳ ಕೊನೆಗೆ ಸ್ಟಾಕ್ ಎಣಿಸಿದಾಗ ಕಡಿಮೆ ಬಂದ ಮಾಲಿನ ಬೆಲೆಯನ್ನು ಆರು ಜನಕ್ಕೂ ಸಮನಾಗಿ ಹಂಚಿ ಸಂಬಳದಲ್ಲಿ ಹಿಡಿಯುತ್ತಾರೆ. ಕಳೆದ ತಿಂಗಳು ₹9,600 ಶಾರ್ಟೇಜ್ ಬಂದು ನನ್ನ ಪಾಲಿಗೆ ₹1,600 ಹೋಯಿತು. ಕೇಳಿದರೆ ಮ್ಯಾನೇಜರ್, ‘ಸೇರುವಾಗ ಒಪ್ಪಿ ಸಹಿ ಹಾಕಿದ್ದೀರಲ್ಲ’ ಎನ್ನುತ್ತಾರೆ. ಇದು ಸರಿಯೆ?
– ಹೆಸರು ಬೇಡ, ಶ್ರೀರಂಗಪಟ್ಟಣ

ಉತ್ತರ: ಸರಿಯಲ್ಲ. ಮೊದಲು ಆ ಸಹಿಯ ಭಯ ಬಿಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ ಪ್ರಕಾರ, ತನಗೆ ಸಲ್ಲಬೇಕಾದ ಹಣದ ಹಕ್ಕನ್ನು ನೌಕರ ಬಿಟ್ಟುಕೊಡುವಂತೆ ಮಾಡಿಕೊಂಡ ಯಾವ ಕರಾರಿಗೂ ಬೆಲೆಯಿಲ್ಲ.

ನಷ್ಟದ ಬಾಬ್ತು ಸಂಬಳ ಹಿಡಿಯುವುದಕ್ಕೆ ಅದೇ ಸಂಹಿತೆ ಬಿಗಿಯಾದ ಷರತ್ತುಗಳನ್ನು ಹಾಕಿದೆ. ಆ ಸರಕನ್ನು ಸ್ಪಷ್ಟವಾಗಿ ನಿಮ್ಮ ವಶಕ್ಕೆ ಒಪ್ಪಿಸಿರಬೇಕು, ನಷ್ಟವು ನೇರವಾಗಿ ನಿಮ್ಮ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ನಿಮ್ಮ ಸಮಜಾಯಿಷಿ ಕೇಳಿರಬೇಕು, ಮತ್ತು ಹಿಡಿದ ಮೊತ್ತವು ಆದ ನಷ್ಟವನ್ನು ಮೀರಬಾರದು. ನಿಮ್ಮ ಶಿಫ್ಟಿನಲ್ಲಿ ಗಲ್ಲಾದ ನಗದು ಟ್ಯಾಲಿ ಆಗದಿದ್ದರೆ ಅದಕ್ಕೆ ನೀವು ಉತ್ತರ ಕೊಡಬೇಕಾದೀತು. ಆದರೆ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತವರನ್ನು ಬಾಗಿಲ ಬಳಿಯ ಚಾಕೊಲೇಟು, ಡಿಯೋಡರೆಂಟುಗಳ ಕಾವಲಿಗೂ ಹೊಣೆ ಮಾಡಿ, ಯಾರ ತಪ್ಪೆಂದು ವಿಚಾರಿಸುವ ಗೋಜಿಗೇ ಹೋಗದೆ ಆರರಿಂದ ಭಾಗಿಸುವುದು ಈ ಯಾವ ಷರತ್ತಿಗೂ ಹೊಂದುವುದಿಲ್ಲ. ಗೋದಾಮಿನಿಂದಲೇ ಕಡಿಮೆ ಬಂದ ಪೆಟ್ಟಿಗೆ, ಇಲಿ ಕಡಿದ ಪೊಟ್ಟಣ, ಎರಡು ಸಲ ನಮೂದಾದ ಸರಬರಾಜು, ಗಿರಾಕಿ ಜೇಬಿಗಿಳಿಸಿದ ಸಾಮಾನು ಎಲ್ಲವೂ ಕೊನೆಗೆ ‘ಶಾರ್ಟೇಜ್’ ಎಂಬ ಒಂದೇ ಕಲಮಿಗೆ ಬಂದು ಸೇರುತ್ತವೆ. ವ್ಯಾಪಾರದ ಲಾಭದಲ್ಲಿ ಪಾಲು ಕೊಡದವರು ನಷ್ಟವನ್ನು ಮಾತ್ರ ಹಂಚುವುದು ಯಾವ ನ್ಯಾಯವೋ ತಿಳಿಯದು. ಕಾವಲಿಗೆ ಜನ ಇಡುವ ಖರ್ಚು ಮಾಲೀಕರಿಗೆ ಉಳಿಯುತ್ತದೆ. ಜೊತೆಗೆ ಕೆಲಸ ಮಾಡುವವರು ಒಬ್ಬರ ಚೀಲವನ್ನೊಬ್ಬರು ಅನುಮಾನದಿಂದ ನೋಡುವಂತಾಗುತ್ತದೆ.

ಇನ್ನು ಕೆಲಸದ ಅವಧಿ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಅದಕ್ಕೂ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂದಿತು. ಓ.ಟಿ. ಸೇರಿಸಿಯೂ ದಿನಕ್ಕೆ 10 ಗಂಟೆ ದಾಟುವಂತಿಲ್ಲ. ಸ್ಟಾಕ್ ಎಣಿಸುವ ಮತ್ತು ಲೆಕ್ಕಪತ್ರ ಸಿದ್ಧಪಡಿಸುವ ದಿನಗಳಿಗೆ ಮಾತ್ರ ವಿನಾಯಿತಿ. ಐದು ಗಂಟೆ ದುಡಿದ ಮೇಲೆ ಒಂದು ಗಂಟೆಯ ಬಿಡುವು ಸಲ್ಲಬೇಕು, ನಿಮಗೆ ಸಿಗುವುದು ಅದರ ಅರ್ಧ. ನಿಮ್ಮ ಸಂಬಳವನ್ನು 26 ದಿನಕ್ಕೆ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ ₹75 ಆಗುತ್ತದೆ. ಆ ಲೆಕ್ಕದಲ್ಲಿ ಓ.ಟಿ. ಗಂಟೆಗೆ ₹150. ನಿಮ್ಮಿಂದ ಹಿಡಿದ ₹1,600ಕ್ಕಿಂತ ನಿಮಗೆ ಕೊಡದೆ ಉಳಿಸಿಕೊಂಡದ್ದೇ ಬಹಳ ದೊಡ್ಡ ಮೊತ್ತ ಎಂಬುದನ್ನು ಗಮನಿಸಿ.

ಜಗಳಕ್ಕೆ ಹೋಗುವ ಮೊದಲು ದಾಖಲೆ ಕೂಡಿಸಿಕೊಳ್ಳಿ: ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು, ಶಾರ್ಟೇಜ್ ಹಂಚಿದ ವಾಟ್ಸ್‌ಆ್ಯಪ್ ಸಂದೇಶ, ಪಂಚಿಂಗ್ ಯಂತ್ರದ ಸಮಯದ ಫೋಟೊ. ಬಳಿಕ ಕಡಿತದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಕಿ ಕೇಳಲು ಸಂಹಿತೆಯಲ್ಲಿ ಮೂರು ವರ್ಷದ ಅವಕಾಶವಿದೆ. ಆರೂ ಜನ ಒಟ್ಟಾಗಿ ಸಹಿ ಹಾಕಿದರೆ ಒಬ್ಬರನ್ನೇ ಗುರಿ ಮಾಡುವುದು ಮ್ಯಾನೇಜರಿಗೆ ಕಷ್ಟವಾಗುತ್ತದೆ.

ಪ್ರಶ್ನೆ: ನಮ್ಮ ಮಳಿಗೆಯ ಬೋರ್ಡು ಕಂಪನಿಯದು, ಸಂಬಳ ಕೊಡುವುದು ಏಜೆನ್ಸಿ. ಎರಡು ತಿಂಗಳಿಂದ ಬಾಕಿ ಇದೆ. ಇಬ್ಬರೂ ಒಬ್ಬರ ಮೇಲೊಬ್ಬರು ಹೇಳುತ್ತಾರೆ. ಯಾರನ್ನು ಕೇಳಲಿ?
– ಓದುಗ, ಮಂಡ್ಯ

ಉತ್ತರ: ಇಬ್ಬರನ್ನೂ ಕೇಳಿ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಉದ್ಯೋಗ ಕೊಟ್ಟವರು ಸಂಬಳ ಕೊಡದಿದ್ದರೆ ನೀವು ದುಡಿಯುವ ಸಂಸ್ಥೆಯ ಮಾಲೀಕರೇ ಅದಕ್ಕೆ ಹೊಣೆ ಎಂದು ವೇತನ ಸಂಹಿತೆ ಹೇಳುತ್ತದೆ.

ಬೋರ್ಡಿನವರು ಕೈತೊಳೆದುಕೊಳ್ಳುವ ಈ ಪರಿಪಾಠ ನಮ್ಮಲ್ಲಷ್ಟೇ ಇರುವುದಲ್ಲ. ಆಸ್ಟ್ರೇಲಿಯದ ಸೆವೆನ್-ಇಲೆವೆನ್ ಮಳಿಗೆಗಳಲ್ಲಿ ದುಡಿದ ಹೊತ್ತಿನ ಅರ್ಧವನ್ನಷ್ಟೇ ಪುಸ್ತಕದಲ್ಲಿ ತೋರಿಸುತ್ತಿದ್ದುದು, ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ ಒಂದಷ್ಟನ್ನು ನಗದಾಗಿ ವಾಪಸು ಕಸಿಯುತ್ತಿದ್ದುದು 2015ರಲ್ಲಿ ಬಯಲಾಯಿತು. ಅಂಗಡಿಗಳು ಫ್ರಾಂಚೈಸಿಗಳವಾಗಿದ್ದರೂ ಬಾಕಿ ತೀರಿಸಲು ಕಂಪನಿಯೇ ಮುಂದೆ ಬರಬೇಕಾಯಿತು. 2017ರಲ್ಲಿ ಅಲ್ಲಿನ ಕಾನೂನೇ ಬದಲಾಗಿ, ಗೊತ್ತಿದ್ದೂ ತಡೆಯದ ಮೂಲ ಕಂಪನಿಗೂ ಹೊಣೆ ಬಿತ್ತು. ನಿಮ್ಮ ದೂರಿನಲ್ಲಿ ಏಜೆನ್ಸಿಯ ಹೆಸರಿನ ಜೊತೆಗೆ ಮಳಿಗೆಯ ಬಿಲ್ಲಿನ ಮೇಲೆ ಅಚ್ಚಾಗಿರುವ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯನ್ನೂ ತಪ್ಪದೆ ಬರೆಯಿರಿ.